ಬೇಳದ ಇಗರ್ಜಿ: ಕಲ್ಲು, ಕಾಗದ, ಕನ್ನಡ ಅಕ್ಷರ

(ನಮ್ಮೂರಿನ ವಾಚನಾಲಯದಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಹೆಚ್ಚು ತಿದ್ದದೆ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿ ಕೊಡುತ್ತಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೇಳದ ಶೋಕಮಾತೆ ಇಗರ್ಜಿ, ಅಂದರೆ ಚರ್ಚ್, ಅಂದ ತಕ್ಷಣ ನಾವೆಲ್ಲ ಹೇಳುವುದು ಎರಡು ಮಾತು. ಅದು 1890ರದ್ದು, ಗಾಥಿಕ್ ಶೈಲಿಯದ್ದು. ಎರಡೂ ನಿಜ. ಕಾಸರಗೋಡಿನ ಹಳೆಯ ಇಗರ್ಜಿಗಳ ಹೆಸರು ಹೇಳುವಾಗ ಬೇಳವನ್ನು ಬಿಟ್ಟು ಹೇಳುವುದಕ್ಕೆ ಆಗುವುದಿಲ್ಲ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಸೀತಾಂಗೋಳಿ, ಬೇಳ, ನೀರ್ಚಾಲು ಎಲ್ಲ ಬಾಯಿಪಾಠ. ಆದರೆ ಇಗರ್ಜಿಯ ಚರಿತ್ರೆ ಅಂದರೆ ಕಟ್ಟಡದ ಚರಿತ್ರೆ ಅಷ್ಟೇ ಅಂತ ಅಂದುಕೊಂಡರೆ ಮುಖ್ಯವಾದದ್ದೇ ಕೈಬಿಟ್ಟು ಹೋಗುತ್ತದೆ. ನಾನು ಇವತ್ತು ಹೇಳಲು ಬಂದದ್ದು ಅದನ್ನೇ. ಹಳೆಯ ಇಗರ್ಜಿಯ ಆಸ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ದಾಖಲೆ ಪುಸ್ತಕಗಳ ಕಪಾಟಿನಲ್ಲಿ, ಸಮಾಧಿಯ ಕಲ್ಲುಗಳ ಮೇಲೆ, ಕೊಂಕಣಿ ಪ್ರಾರ್ಥನೆಯನ್ನು ಹೊತ್ತಿರುವ ಕನ್ನಡ ಅಕ್ಷರಗಳಲ್ಲಿ. ಗೋಡೆ ಬಿರುಕು ಬಿಟ್ಟರೆ ಊರೆಲ್ಲ ನೋಡುತ್ತದೆ. ಇವು ಹೋದರೆ ಗೊತ್ತೂ ಆಗುವುದಿಲ್ಲ.

ಮೊದಲು 1890 ಯಾಕೆ ಅಂತ ನೋಡೋಣ. ಆ ವರ್ಷ ಸುಮ್ನೆ ಬಂದದ್ದಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಕರಾವಳಿಯ ಕಥೊಲಿಕರಿಗೆ ಒಂದು ದೊಡ್ಡ ತಲೆನೋವಿತ್ತು. ಗೋವಾದ ಆರ್ಚ್‌ಬಿಷಪ್ಪರು ಒಂದು ಕಡೆ, ನೇರವಾಗಿ ರೋಮಿನಿಂದ ಬಂದ ಅಧಿಕಾರಿಗಳು ಇನ್ನೊಂದು ಕಡೆ. ಪೋರ್ಚುಗೀಸ್ ರಾಜನಿಗೆ ಪೋಪರು ಹಿಂದೆ ಯಾವಾಗಲೋ ಕೊಟ್ಟಿದ್ದ ಹಕ್ಕಿನ ಬಲದಲ್ಲಿ ಗೋವಾದವರು ಇವರು ನಮ್ಮವರು ಎನ್ನುತ್ತಿದ್ದರು. ರೋಮಿನವರು ಅದನ್ನು ಒಪ್ಪುತ್ತಿರಲಿಲ್ಲ. ಜನ ಎರಡು ಪಾಲಾದರು. 1886ರ ಜೂನ್‌ನಲ್ಲಿ ರೋಮಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ ಈ ಜಗಳ ಮುಗಿಯಿತು. ಅದೇ ವರ್ಷ ಸೆಪ್ಟೆಂಬರ್ 1ರಂದು ಪೋಪ್ ಹದಿಮೂರನೇ ಲಿಯೋ ಅವರ ಆಜ್ಞೆಯಿಂದ ಮಂಗಳೂರು ಧರ್ಮಪ್ರಾಂತ್ಯ ಹುಟ್ಟಿತು. ಮೊದಲ ಬಿಷಪ್ ನಿಕೊಲಸ್ ಪಗಾನಿ, ಇಟಲಿಯ ಜೆಸ್ವಿತ್ (ಯೇಸುಸಭೆಯ) ಗುರು. ಬೇಳದ ಇಗರ್ಜಿ ಶುರುವಾದಾಗ ಮಂಗಳೂರಿನ ಪೀಠದಲ್ಲಿ ಇದ್ದವರು ಅವರೇ.

ಜೆಸ್ವಿತರು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ಕ್ಕೆ. ಆಮೇಲಿನ ವರ್ಷಗಳಲ್ಲಿ ಆದ ಕೆಲಸ ನೋಡಿ. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು. 1882ರಲ್ಲಿ ಕೊಡಿಯಾಲಬೈಲಿನ ಮುದ್ರಣಾಲಯ. ಬೇಳದ ಇಗರ್ಜಿಯ ವರ್ಷವೇ, ಅಂದರೆ 1890ರಲ್ಲಿ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರ ಕುಷ್ಠರೋಗಿಗಳ ಆಸ್ಪತ್ರೆ. ಪೇಟೆಯಲ್ಲಿ ಕಾಲೇಜು, ಆಸ್ಪತ್ರೆ ಎದ್ದ ಕಾಲದಲ್ಲೇ ದಕ್ಷಿಣದ ಹಳ್ಳಿಗಾಡಿನಲ್ಲಿ ಬೇಳದ ಇಗರ್ಜಿ ಎದ್ದಿತು.

ಅದು ಹಳ್ಳಿಯ ಜನಕ್ಕೆ ಎಷ್ಟು ಬೇಕಾಗಿತ್ತು ಅಂತ ಅರ್ಥ ಆಗಬೇಕಾದರೆ ಆಗಿನ ದಾರಿ ನೆನಪಿಸಿಕೊಳ್ಳಬೇಕು. ಮಂಗಳೂರಿಗೆ ನಮ್ಮ ಕಡೆಯಿಂದ ರೈಲು ಮುಟ್ಟಿದ್ದು 1907ರಲ್ಲಿ. ಅದಕ್ಕೆ ಮೊದಲು ಇಲ್ಲಿಂದ ಮಂಗಳೂರಿಗೆ ಹೋಗಬೇಕಾದರೆ ಶಿರಿಯ ಹೊಳೆ, ಉಪ್ಪಳ ಹೊಳೆ, ಮಂಜೇಶ್ವರದ ಹೊಳೆ, ಕೊನೆಗೆ ನೇತ್ರಾವತಿ, ಒಂದೊಂದನ್ನೇ ದಾಟಬೇಕು. ಆಟಿ ತಿಂಗಳ ಮಳೆಯಲ್ಲಿ ಮಗು ಹುಟ್ಟಿದರೆ ಜ್ಞಾನಸ್ನಾನ ಯಾವಾಗ? ಸಾಯುವವರ ತಲೆದೆಸೆಯಲ್ಲಿ ಕೂತು ಪ್ರಾರ್ಥನೆ ಹೇಳುವ ಗುರುಗಳು ಎಲ್ಲಿ? ಹತ್ತಿರದಲ್ಲೇ ಇಗರ್ಜಿ ಇರುವುದು, ಅದರ ಪಕ್ಕದ ಮನೆಯಲ್ಲಿ ಪಾದ್ರಿಗಳು ವಾಸ ಇರುವುದು, ಇದು ಆ ಜನರಿಗೆ ಎಷ್ಟು ದೊಡ್ಡ ನೆಮ್ಮದಿ ಅಂತ ಇವತ್ತು ಬೈಕಿನಲ್ಲಿ ಓಡಾಡುವ ನಮಗೆ ಊಹಿಸುವುದೂ ಕಷ್ಟ.

ಆ ಜನ ಯಾರು? ಹೆಚ್ಚಿನವರು ಕೊಂಕಣಿ ಮಾತಾಡುವವರು, ಅಜ್ಜನ ಅಜ್ಜಂದಿರು ಗೋವಾ ಕಡೆಯಿಂದ ಬಂದವರು. ಯಾಕೆ ಬಂದರು ಅಂದರೆ ಒಂದೇ ಕಾರಣ ಹೇಳಲು ಬರುವುದಿಲ್ಲ. 1560ರಲ್ಲಿ ಗೋವಾದಲ್ಲಿ ಶುರುವಾದ ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹದ ವಿಚಾರಣೆ, ಒಂದು. ಬರ, ರೋಗ ಇನ್ನೊಂದು. 1683ರಲ್ಲೂ 1739ರಲ್ಲೂ ನಡೆದ ಮರಾಠರ ದಾಳಿ ಮತ್ತೊಂದು. ಕೆಳದಿ ನಾಯಕರ ಸೀಮೆಯಲ್ಲಿ ಉಳುವುದಕ್ಕೆ ಭೂಮಿ ಇತ್ತು, ಉಳುವ ಕೈ ಬೇಕಿತ್ತು. ಬಂದರು, ಗದ್ದೆ ಮಾಡಿದರು, ತುಳು ಕಲಿತರು, ಕನ್ನಡ ಕಲಿತರು. ಇವರ ನಡುವೆ ಓಡಾಡಿದ ದೊಡ್ಡ ಹೆಸರು ಗೋವಾದ ಪಾದ್ರಿ ಜೋಸೆಫ್ ವಾಜ್. 1681ರಿಂದ 1684ರವರೆಗೆ ಕೆನರಾದಲ್ಲಿ, ಅಂದರೆ ನಮ್ಮ ಈ ಕರಾವಳಿ ಸೀಮೆಯಲ್ಲಿ, ಕೆಲಸ ಮಾಡಿ ಆಮೇಲೆ ಸಿಂಹಳಕ್ಕೆ ಹೋದವರು. ನಮ್ಮ ಗಡಿಯಾಚೆಯ ಮುಡಿಪು ಗುಡ್ಡದಲ್ಲಿ ಇವತ್ತಿಗೂ ಅವರ ಹೆಸರಿನಲ್ಲಿ ಜನ ಸೇರುತ್ತಾರೆ. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರು ಇವರನ್ನು ಸಂತ ಎಂದು ಘೋಷಿಸಿದರು.

ಇನ್ನು 1784. ಇದನ್ನು ಹೇಳುವಾಗ ಸ್ವಲ್ಪ ನಿಧಾನಿಸಬೇಕು. ಆ ವರ್ಷ ಫೆಬ್ರವರಿ ಕೊನೆಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೊಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಎಷ್ಟು ಜನ ಅನ್ನುವುದರಲ್ಲಿ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಇದೆ, ಮೂವತ್ತು ಸಾವಿರದಿಂದ ಎಂಬತ್ತು ಸಾವಿರದ ತನಕ ಹೇಳುತ್ತಾರೆ. ಉಳಿದವರು ವಾಪಸ್ ಬಂದದ್ದು 1799ರ ಬಳಿಕ. ಈ ಸಂಗತಿ ಎತ್ತಿದ ಕೂಡಲೇ ಇವತ್ತಿನ ರಾಜಕೀಯದ ಜಗಳ ಶುರುವಾಗುತ್ತದೆ, ನನಗೆ ಅದು ಬೇಡ. ನಮ್ಮ ವಿಷಯಕ್ಕೆ ಬೇಕಾದದ್ದು ಒಂದೇ. ಆಗ ಇಗರ್ಜಿಗಳು ಬಿದ್ದವು. ಇಗರ್ಜಿ ಬಿದ್ದ ಕಡೆ ಅದರ ಪುಸ್ತಕಗಳೂ ಹೋದವು. ಇವತ್ತು ಮಂಗಳೂರು ಕಡೆಯ ಎಷ್ಟೋ ಕಥೊಲಿಕ್ ಕುಟುಂಬಗಳು ತಮ್ಮ ವಂಶ ಹುಡುಕುತ್ತಾ ಹೋದರೆ 1799ರ ಹತ್ತಿರ ಬಂದು ದಾರಿ ಕಡಿದು ಹೋಗುತ್ತದೆ. ಹಿಂದಿನದು ಮನೆಮಾತು ಮಾತ್ರ. ಹೀಗೆ ಒಮ್ಮೆ ಕಾಗದ ಕಳಕೊಂಡ ಸಮುದಾಯ, ಎರಡನೇ ಸಲ ಬರೆದಿಟ್ಟ ಕಾಗದವನ್ನು ಗೆದ್ದಲಿಗೆ ಬಿಡಬಾರದು. ನನ್ನ ಕಾಳಜಿಯ ಬೇರು ಇರುವುದು ಅಲ್ಲಿ.

ಶೋಕಮಾತೆ ಅನ್ನುವ ಹೆಸರಿನ ಬಗ್ಗೆಯೂ ಒಂದು ಮಾತು. ಮರಿಯಮ್ಮನವರ ಏಳು ದುಃಖಗಳ ಭಕ್ತಿ ಇದು. ಮಗನನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿಹೋದದ್ದು, ಜಾತ್ರೆಯ ಗದ್ದಲದಲ್ಲಿ ಮೂರು ದಿನ ಮಗ ಕಾಣೆಯಾದದ್ದು, ಶಿಲುಬೆಯ ಕೆಳಗೆ ನಿಂತದ್ದು, ಸತ್ತ ಮಗನನ್ನು ಮಡಿಲಿಗೆ ಹಾಕಿಕೊಂಡದ್ದು. ಇದರ ಹಬ್ಬವನ್ನು ಸೆಪ್ಟೆಂಬರ್ 15ಕ್ಕೆ ಗೊತ್ತು ಮಾಡಿದ್ದು 1913ರಲ್ಲಿ. ಊರು ಬಿಟ್ಟು ಬಂದವರ, ಸೆರೆ ಕಂಡವರ ಮೊಮ್ಮಕ್ಕಳಿಗೆ ಈ ತಾಯಿ ತೀರಾ ಹತ್ತಿರದವಳು ಅಂತ ಅನ್ನಿಸಿರಬೇಕು. ಇದು ನನ್ನ ಅನಿಸಿಕೆ.

ಈಗ ಕಟ್ಟಡಕ್ಕೆ ಬರೋಣ. ಗಾಥಿಕ್ ಅಂದರೆ ಚೂಪು ಕಮಾನು, ಉದ್ದಕ್ಕೆ ಎದ್ದ ಕಿಟಕಿ, ಕಣ್ಣನ್ನು ಮೇಲಕ್ಕೆ ಎಳೆಯುವ ಗೆರೆಗಳು. ಚೂಪು ಕಮಾನು ಚಂದಕ್ಕೆ ಮಾತ್ರ ಅಲ್ಲ. ಅರ್ಧ ಸುತ್ತಿನ ಕಮಾನಿಗಿಂತ ಅದು ಭಾರವನ್ನು ಜಾಸ್ತಿ ನೇರವಾಗಿ ಕೆಳಕ್ಕೆ ಇಳಿಸುತ್ತದೆ, ಗೋಡೆಯನ್ನು ಪಕ್ಕಕ್ಕೆ ದೂಡುವುದು ಕಡಿಮೆ. ಯುರೋಪಿನಲ್ಲಿ ಹನ್ನೆರಡನೇ ಶತಮಾನದಲ್ಲಿ ಹುಟ್ಟಿದ ಈ ರೀತಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಮತ್ತೆ ಜೀವ ಬಂತು, ಬ್ರಿಟಿಷರ ಆಳ್ವಿಕೆಯ ಊರುಗಳಲ್ಲೆಲ್ಲ ಹರಡಿತು. ಬೇಳಕ್ಕೂ ಬಂತು. ಶೈಲಿ ಹೊರಗಿನದ್ದು. ಆದರೆ ನಮ್ಮ ಕರಾವಳಿಯ ಹಳೆಯ ಇಗರ್ಜಿಗಳನ್ನು ಕಟ್ಟಿದ ಸಾಮಾನು ಮತ್ತು ಕೈ ನಮ್ಮ ಮಣ್ಣಿನದ್ದೇ.

ಮುರಕಲ್ಲು ತೆಗೆದುಕೊಳ್ಳಿ. ನೆಲದಿಂದ ಕಡಿದು ತೆಗೆಯುವಾಗ ಮೆದು, ಗಾಳಿ ಬಿಸಿಲು ತಾಗಿದ ಹಾಗೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು 1800–01ರಲ್ಲಿ ಮಲಬಾರಿನ ಅಂಗಾಡಿಪ್ಪುರದಲ್ಲಿ ಇದೇ ಕಲ್ಲನ್ನು ನೋಡಿ ಮೊದಲ ಸಲ ವಿವರವಾಗಿ ಬರೆದಿಟ್ಟು, ಲ್ಯಾಟರೈಟ್ ಅನ್ನುವ ಹೆಸರು ಕೊಟ್ಟು, ಅದೇ ಪ್ರಯಾಣದಲ್ಲಿ ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರ ದಾಟಿ ಮಂಗಳೂರಿಗೆ ಹೋದರು. ಹಳೆಯ ಕೆಲಸಗಳಲ್ಲಿ ಕಲ್ಲಿಗೆ ಕಲ್ಲು ಕೂಡಿಸುತ್ತಿದ್ದದ್ದು ಸುಣ್ಣದ ಗಾರೆ. ಮರುವಾಯಿ ಚಿಪ್ಪನ್ನು ಸುಟ್ಟ ಸುಣ್ಣ, ಮರಳು, ಬೆಲ್ಲದ ನೀರು. ಮಾಡಿಗೆ ಮಂಗಳೂರು ಹಂಚು. ಆ ಹಂಚಿನ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದವರು ಬಾಸೆಲ್ ಮಿಷನ್‌ನವರು, ಪ್ರೊಟೆಸ್ಟೆಂಟರು. ಕಥೊಲಿಕ್ ಇಗರ್ಜಿಗಳ ಮೇಲೆ, ದೇವಸ್ಥಾನಗಳ ಮೇಲೆ, ಮಸೀದಿಗಳ ಮೇಲೆ, ಶಾಲೆಗಳ ಮೇಲೆ ಕೂತದ್ದು ಅವರು ಶುರು ಮಾಡಿದ ಅದೇ ನಮೂನೆಯ ಹಂಚು. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಇಲ್ಲಿ ಸಭೆಯಿಂದ ಒಬ್ಬರು ಕೇಳಿದರು: "ಮಾಷ್ಟ್ರೇ, ಹಳೆಯ ಗೋಡೆ ಮಳೆಗಾಲದಲ್ಲಿ ಒದ್ದೆ ಹಿಡಿಯುತ್ತದೆ. ಸಿಮೆಂಟ್ ಸಾರಣೆ ಮಾಡಿ, ಒಳ್ಳೇ ಪೈಂಟ್ ಹೊಡೆದರೆ ಆಗುವುದಿಲ್ವಾ?"

ದಯವಿಟ್ಟು ಬೇಡ. ಮುರಕಲ್ಲು ತೂತುತೂತಿನ ಕಲ್ಲು, ನೀರು ಕುಡಿಯುತ್ತದೆ. ಕುಡಿದದ್ದನ್ನು ಬೇಸಿಗೆಯಲ್ಲಿ ಬಿಡಬೇಕು. ಸುಣ್ಣದ ಗಾರೆ ಅದಕ್ಕೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಸಿಮೆಂಟ್ ಹಾಕಿದ ಮೇಲೆ ನೀರು ಒಳಗೇ ನಿಂತು, ಉಪ್ಪು ಹೊರಗೆ ಉಕ್ಕಿ, ನಾಲ್ಕು ವರ್ಷದಲ್ಲಿ ಸಾರಣೆ ಹೊಪ್ಪಳೆ ಹೊಪ್ಪಳೆಯಾಗಿ ಎದ್ದು ಬರುವಾಗ ಅದರ ಜೊತೆ ಕಲ್ಲಿನ ಮೈಯೂ ಕಿತ್ತು ಬರುತ್ತದೆ. ಮತ್ತೆ ಜನ ಹೇಳುವುದು, ಕಟ್ಟಡ ಹಳೆಯದಾಯಿತು, ಕೆಡವಿ ಹೊಸದು ಕಟ್ಟೋಣ ಅಂತ. ಕರಾವಳಿಯಲ್ಲಿ ಹೀಗೆ ಹೋದ ಕಟ್ಟಡಗಳಿವೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 3,500 ಮಿಲಿಮೀಟರ್ ಮಳೆ. ಇಲ್ಲಿ ಹಳೆಯ ಗೋಡೆಗೆ ಮೊದಲ ಮದ್ದು ಸಾರಣೆ ಅಲ್ಲ. ಒಡೆದ ಹಂಚು ಬದಲಿಸುವುದು, ನೀರಿನ ದಂಬೆ ಸರಿಮಾಡುವುದು, ಅಡಿಪಾಯದ ಹತ್ತಿರ ನೀರು ನಿಲ್ಲದ ಹಾಗೆ ಚರಂಡಿ ತೋಡುವುದು. ಇಷ್ಟು ಮಾಡಿದರೆ ಗೋಡೆ ತನ್ನಷ್ಟಕ್ಕೆ ಒಣಗುತ್ತದೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಸಿಗುವುದು ಕಷ್ಟ ಅನ್ನುವುದು ನಿಜ. ಆದರೆ ಇದ್ದಾರೆ, ಹುಡುಕಬೇಕು. ಅವರು ಇರುವಾಗಲೇ ಅವರ ಕೈಯಿಂದ ನಮ್ಮ ಹುಡುಗರು ಕಲಿಯಬೇಕು.

ಇನ್ನು ಕಪಾಟು. ಇಲ್ಲಿ ನಾನು ಸ್ವಲ್ಪ ಉದ್ದಕ್ಕೆ ಮಾತಾಡುತ್ತೇನೆ.

ಪ್ರತಿ ಇಗರ್ಜಿಯಲ್ಲೂ ಜ್ಞಾನಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಸಾವಿನ ಪುಸ್ತಕ ಇರುತ್ತದೆ. ಜ್ಞಾನಸ್ನಾನದ್ದೂ ಮದುವೆಯದ್ದೂ 1563ರಲ್ಲಿ ಟ್ರೆಂಟ್ ಎಂಬ ಊರಿನಲ್ಲಿ ಸೇರಿದ ಕಥೊಲಿಕ್ ಮಹಾಸಭೆ ಮಾಡಿದ ಕಟ್ಟಳೆ. ಹಳೆಯ ಪುಟಗಳು ಲ್ಯಾಟಿನ್‌ನಲ್ಲಿ ಇರುತ್ತವೆ. ಮನೆಯಲ್ಲಿ ಜುವಾಂವ್ ಅಂತ ಕರೆಯುವವನು ಪುಸ್ತಕದಲ್ಲಿ ಯೊಆನ್ನೆಸ್. ಮಗು ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ಅಪ್ಪ ಅಮ್ಮನ ಹೆಸರು, ಅವರ ಊರು, ಸಾಕ್ಷಿ ನಿಂತವರ ಹೆಸರು, ಗುರುಗಳ ಸಹಿ. 1908ರಿಂದ ಇನ್ನೊಂದು ಕ್ರಮ ಬಂತು, ಆ ಮಗು ದೊಡ್ಡದಾಗಿ ಮದುವೆಯಾದಾಗ ಅದನ್ನು ಹಳೆಯ ಜ್ಞಾನಸ್ನಾನದ ಸಾಲಿನ ಪಕ್ಕದಲ್ಲೇ ಬರೆಯುವುದು. ಹಾಗಾಗಿ ಒಂದು ಸಾಲಿನಲ್ಲಿ ಒಂದು ಬದುಕು ಇರುತ್ತದೆ. ಬೇಳದಲ್ಲಿ ಹುಟ್ಟಿ ಇನ್ನೆಲ್ಲೋ ಮದುವೆಯಾಗಿ ಹೋದ ಹೆಣ್ಣುಮಗಳ ಸುದ್ದಿ ತಿರುಗಿ ಬೇಳದ ಪುಸ್ತಕಕ್ಕೇ ಬರುತ್ತದೆ.

ಸರ್ಕಾರದ ಜನನ ಮರಣ ನೋಂದಣಿ ದೇಶಕ್ಕೆಲ್ಲ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ. ಅದಕ್ಕೆ ಮುಂಚೆ ಹಳ್ಳಿಯ ಬಡವರ ಮನೆಯಲ್ಲಿ ಹುಟ್ಟಿದ ಮಗುವಿನ ದಿನಾಂಕ ಯಾರ ಹತ್ತಿರ ಇತ್ತು ಹೇಳಿ? ದೊಡ್ಡ ಮನೆತನದವರಿಗೆ ಜಾತಕ ಇತ್ತು, ಭೂಮಿಯ ಪತ್ರ ಇತ್ತು. ಗೇಣಿಗೆ ಗದ್ದೆ ಮಾಡುವವನ ಹೆಸರು ಗೌರವದಿಂದ, ಅಪ್ಪ ಅಮ್ಮನ ಹೆಸರಿನ ಸಮೇತ ಬರೆದಿಟ್ಟ ಕಡೆಗಳು ಬಹಳ ಕಡಿಮೆ. ಇಗರ್ಜಿಯ ಪುಸ್ತಕ ಅದರಲ್ಲಿ ಒಂದು. ಅದಕ್ಕೇ ಹೇಳುತ್ತೇನೆ, ಈ ಪುಸ್ತಕಗಳು ಕಥೊಲಿಕರದ್ದು ಮಾತ್ರ ಅಲ್ಲ. ಈ ಸೀಮೆಯಲ್ಲಿ ಯಾವ ವರ್ಷ ಯಾವ ರೋಗಕ್ಕೆ ಎಷ್ಟು ಮಕ್ಕಳು ಹೋದರು, 1918ರ ಇನ್‌ಫ್ಲುಯೆಂಜಾ ಇಲ್ಲಿಗೆ ಯಾವ ತಿಂಗಳು ಮುಟ್ಟಿತು, ಊರು ಬಿಟ್ಟವರು ಎಲ್ಲಿಗೆ ಹೋದರು, ಇದನ್ನೆಲ್ಲ ಹುಡುಕುವವರಿಗೆ ಬೇರೆ ಯಾವ ಬಾಗಿಲು ಇದೆ?

ಆ ಕಾಗದಕ್ಕೆ ಶತ್ರುಗಳು ಮೂರು ನಾಲ್ಕು. ತೇವ, ಗೆದ್ದಲು, ಮತ್ತೆ ಬರೆದ ಶಾಯಿಯೇ. ಹಳೆಯ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ, ವರ್ಷ ಕಳೆದ ಹಾಗೆ ಅದು ಅಕ್ಷರದ ಗೆರೆಯಲ್ಲೇ ಕಾಗದವನ್ನು ತಿನ್ನುತ್ತದೆ. ಇನ್ನೊಂದು ಶತ್ರು ನಮ್ಮ ಪ್ರೀತಿ. ಹಾಳಾಗುತ್ತದೆ ಅಂತ ಲ್ಯಾಮಿನೇಷನ್ ಮಾಡಿಸುತ್ತಾರೆ, ಹರಿದ ಕಡೆ ಸೆಲ್ಲೊಟೇಪ್ ಹಚ್ಚುತ್ತಾರೆ. ಎರಡೂ ಕಾಗದವನ್ನು ಕೊಲ್ಲುತ್ತವೆ. ಒಣ ಜಾಗ, ಗೋಡೆಗೆ ತಾಗದ ಕಪಾಟು, ಮೆತ್ತನೆ ಹತ್ತಿ ಬಟ್ಟೆ, ಮತ್ತೆ ಒಂದೊಂದು ಪುಟದ್ದೂ ಒಳ್ಳೆಯ ಫೋಟೊ. ಫೋಟೊ ಒಂದು ಪ್ರತಿ ಇಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ. ಇತ್ತೀಚಿನ ವರ್ಷಗಳ ಪುಟಗಳು ಬದುಕಿರುವವರ ಖಾಸಗಿ ವಿಷಯ, ಅವನ್ನು ಎಲ್ಲರ ಮುಂದೆ ಇಡಬಾರದು. ಹಳೆಯದರ ವಿಷಯದಲ್ಲಿ ಗುರುಗಳ ಒಪ್ಪಿಗೆ ತೆಗೆದುಕೊಂಡು ಕೂಡಲೇ ಕೆಲಸ ಶುರು ಮಾಡಬೇಕು.

ಕೊನೆಯದು ಅಕ್ಷರ. ಕಾಸರಗೋಡಿನವರಾದ ನಮಗೆ ಇದು ತಟ್ಟುವ ವಿಷಯ.

1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಅಂತ ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಆಗಲಿಲ್ಲ. ಆದರೆ ಇಗರ್ಜಿಯ ಗಡಿ ಕದಲಲಿಲ್ಲ. 1923ರಲ್ಲಿ ಕಲ್ಲಿಕೋಟೆ ಧರ್ಮಪ್ರಾಂತ್ಯ ಮಂಗಳೂರಿನಿಂದ ಬೇರೆಯಾದಾಗಲೂ, 1956ರಲ್ಲಿ ರಾಜ್ಯವೇ ಬೇರೆಯಾದಾಗಲೂ ಬೇಳ ಮಂಗಳೂರಿನ ಜೊತೆಗೇ ಉಳಿಯಿತು, ಇವತ್ತಿಗೂ ಇದೆ. ಅದೇ ಜಿಲ್ಲೆಯ ಪೂರ್ವದ ಗುಡ್ಡಗಳಲ್ಲಿ, ರಾಜಪುರಂ ಕಡೆ, 1943ರಿಂದ ತಿರುವಾಂಕೂರಿನ ಕಡೆಯ ರೈತರು ಬಂದು ನೆಲೆಸಿದರು. ಅವರ ಪೂಜಾಕ್ರಮ ಸಿರಿಯನ್ ಪರಂಪರೆಯದ್ದು, ಭಾಷೆ ಮಲಯಾಳ. ಒಂದೇ ಜಿಲ್ಲೆಯ ಕಥೊಲಿಕರು ಎರಡು ರೀತಿಯ ಪೂಜೆಯಲ್ಲಿ, ಎರಡು ಲಿಪಿಯಲ್ಲಿ ಪ್ರಾರ್ಥಿಸುತ್ತಾರೆ. ಎರಡೂ ನಮ್ಮದೇ ಸಂಪತ್ತು.

ನಮ್ಮ ಕಡೆಯ ಕೊಂಕಣಿ ಕನ್ನಡ ಲಿಪಿಯಲ್ಲಿದೆ. ಇಟಲಿಯಿಂದ ಬಂದ ಫಾದರ್ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣ, 1883ರಲ್ಲಿ ಇಂಗ್ಲಿಷ್–ಕೊಂಕಣಿ ನಿಘಂಟು ಮಾಡಿದರು. 1912ರಲ್ಲಿ 'ಕೊಂಕ್ಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಪತ್ರಿಕೆ, ಎರಡೂ ಕನ್ನಡ ಅಕ್ಷರದಲ್ಲಿ ಬಂದವು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿಯಿತು. ಅದರ ತೀರ್ಮಾನದಿಂದಾಗಿ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಪೂಜೆ ಜನರ ಭಾಷೆಗೆ ಬಂತು, ಅಂದರೆ ಇಲ್ಲಿ ಕೊಂಕಣಿಗೆ ಬಂತು. ಓದುವ ಪುಸ್ತಕ ಕನ್ನಡ ಅಕ್ಷರದ್ದು. ಹಾಡಿನ ಪುಸ್ತಕವೂ ಹಾಗೆ. ಸಮಾಧಿಯ ಕಲ್ಲಿನಲ್ಲೂ ಅದೇ ಅಕ್ಷರ.

ಈಗ ಯೋಚಿಸಿ. ಮನೆಯಲ್ಲಿ ಕೊಂಕಣಿ ಮಾತಾಡುವ, ಅಂಗಳದಲ್ಲಿ ತುಳು ಮಾತಾಡುವ ಮಗು ಮಲಯಾಳ ಇಲ್ಲವೇ ಇಂಗ್ಲಿಷ್ ಶಾಲೆಗೆ ಹೋಗುತ್ತದೆ. ಕನ್ನಡ ಅಕ್ಷರ ಕಲಿಯುವುದಿಲ್ಲ. ಅದಕ್ಕೆ ಆಮೊರಿಯ, ಅಂದರೆ ಸಂಜೆಯ, ಪ್ರಾರ್ಥನೆ ಬಾಯಿಪಾಠ ಬರುತ್ತದೆ, ಪುಸ್ತಕ ಕೊಟ್ಟರೆ ಓದಲಿಕ್ಕೆ ಬರುವುದಿಲ್ಲ. ಮುತ್ತಜ್ಜಿಯ ಸಮಾಧಿಯ ಮುಂದೆ ನಿಂತರೆ ಯಾರದ್ದು ಅಂತ ಗೊತ್ತಾಗುವುದಿಲ್ಲ. ಕಾಸರಗೋಡಿನ ಕನ್ನಡ ಶಾಲೆ ಉಳಿಯಬೇಕು ಅಂತ ನಾವು ಹೇಳುವಾಗ ಅದು ಕನ್ನಡ ಮನೆಮಾತಿನವರ ಹೋರಾಟ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. ಒಂದು ಕನ್ನಡ ಶಾಲೆ ಮುಚ್ಚಿದರೆ ಬೇಳದ ಇಗರ್ಜಿಯ ಪ್ರಾರ್ಥನೆ ಪುಸ್ತಕವೂ ಅರ್ಧ ಮುಚ್ಚಿದ ಹಾಗೆ.

ಈ ಇಗರ್ಜಿ ಒಂಟಿಯಾಗಿ ಇದ್ದದ್ದೂ ಅಲ್ಲ. ಸುತ್ತ ಹವ್ಯಕರು, ಬಂಟರು, ಬ್ಯಾರಿಗಳು, ತುಳುವರು. ತುಳುವರ ಬಾಯಲ್ಲಿ ಇಲ್ಲಿನ ಕಥೊಲಿಕರು ಪೊರ್ಬುಗಳು, ಇವರ ಹೆಂಗಸರು ಬಾಯಮ್ಮ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ, ಮಕ್ಕಳು ಹೂ ಹಾಕುವುದು, ಹೊಸ ತೆನೆ ಆಶೀರ್ವದಿಸಿ ಮನೆಗೆ ತಂದು ಊಟಕ್ಕೆ ಸೇರಿಸುವುದು, ನಮ್ಮ ತುಳುನಾಡಿನ ಹೊಸ ಅಕ್ಕಿ ಊಟದ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾ?

ಕೊನೆಗೆ ಕಾಲೇಜಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಸರ್, ಇದೆಲ್ಲ ದೊಡ್ಡ ಕೆಲಸ. ನಾವು ಐದಾರು ಜನ ಇದ್ದೇವೆ. ಎಲ್ಲಿಂದ ಶುರು ಮಾಡುವುದು?"

ಸಮಾಧಿಯ ಕಲ್ಲುಗಳಿಂದ ಶುರು ಮಾಡಮ್ಮ. ಅದಕ್ಕೆ ದುಡ್ಡು ಬೇಡ, ಲ್ಯಾಟಿನ್ ಬರಬೇಕಾಗಿಲ್ಲ. ಮೊದಲು ಗುರುಗಳ ಹತ್ತಿರ, ಊರಿನ ಕಥೊಲಿಕರ ಮುಂದಾಳುಗಳಾದ ಗುರಿಕಾರರ ಹತ್ತಿರ ಕೇಳಿ. ನವೆಂಬರ್ 2ರ ಮೃತರ ಸ್ಮರಣೆಗೆ ಎಲ್ಲರೂ ಬಂದು ಹುಲ್ಲು ತೆಗೆಯುತ್ತಾರೆ, ಆಗ ಕಲ್ಲುಗಳು ಚೆನ್ನಾಗಿ ಕಾಣುತ್ತವೆ, ಮನೆಯವರೂ ಅಲ್ಲೇ ಸಿಗುತ್ತಾರೆ. ಫೋಟೊ ತೆಗೆಯುವುದು ಬೆಳಿಗ್ಗೆ ಎಂಟಕ್ಕೆ ಇಲ್ಲವೇ ಸಂಜೆ ಐದಕ್ಕೆ, ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಕಲ್ಲಿಗೆ ಆಸಿಡ್ ಬೇಡ, ತಂತಿಯ ಬ್ರಶ್ ಬೇಡ, ಸೀಮೆಸುಣ್ಣದಲ್ಲಿ ಅಕ್ಷರದ ಮೇಲೆ ಬರೆಯುವುದೂ ಬೇಡ. ನೀರು ಮತ್ತು ಮೆತ್ತನೆಯ ಬ್ರಶ್ ಸಾಕು. ಒಂದೊಂದು ಕಲ್ಲಿಗೂ ಒಂದು ನಂಬರ್, ಒಂದು ನಕ್ಷೆ, ಹೆಸರು ಹೇಗಿದೆಯೋ ಹಾಗೇ, ತಪ್ಪಿದ್ದರೆ ತಪ್ಪಿನ ಸಮೇತ ಬರೆದುಕೊಳ್ಳಿ. ಆ ಪಟ್ಟಿ ಕೈಯಲ್ಲಿ ಇದ್ದರೆ, ಮುಂದೆ ಸಾವಿನ ಪುಸ್ತಕ ತೆರೆದಾಗ ಯಾವ ಹೆಸರು ಹುಡುಕಬೇಕು ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ.